ಹರಿಗೋಲಿನ ನೆಂಟರು

ವಿರೂಪಾಪುರಗಡ್ಡೆಗೆ ಹೋದವರೆಲ್ಲ ಹೊಳೆಯಾಚೆಯ ವಿರೂಪಾಕ್ಷನ ಗೋಪುರವನ್ನು ನೋಡುತ್ತ ನಿಲ್ಲುವುದು ವಾಡಿಕೆ. ದಸರೆಯ ರಜೆಯಲ್ಲಿ ಅಲ್ಲಿಗೆ ಹೋಗಿದ್ದ ನಾನು ಮಾತ್ರ ಗೋಪುರಕ್ಕೆ ಬೆನ್ನು ಮಾಡಿ ಕುಳಿತಿದ್ದೆ. ಎದುರಿಗೆ ವೃದ್ಧರೊಬ್ಬರು ಹರಿಗೋಲು ಹೆಣೆಯುತ್ತಿದ್ದರು. ಸೀಳಿದ ಬಿದಿರಿನ ದಬ್ಬೆಗಳನ್ನು ನೆಲದ ಮೇಲೆ ಹಾಸಿ ತಳ ಹೆಣೆದು, ಅದರ ಮೇಲೆ ದಪ್ಪ ಕಲ್ಲುಗಳನ್ನು ಹೇರಿದ್ದರು. ದಬ್ಬೆಯ ತುದಿಗಳನ್ನು ಮೇಲಕ್ಕೆ ಬಾಗಿಸುವಾಗ ತಳವೇ ಎದ್ದು ಬರಬಾರದಲ್ಲ! ಹಿಂದೆ ಹೊರಗಡೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು.

ಅಂಚು ಕಟ್ಟುವಾಗ ಯಜಮಾನರು ನಕ್ಕು, "ಈ ಗಂಟು ನಮ್ಮದಲ್ರಿ ಸರ, ಪರದೇಶದವನದು" ಎಂದರು.

ಗಡ್ಡೆಯಲ್ಲಿ ವಸತಿಗೃಹಗಳು ತುಂಬಿದ್ದ ಕಾಲದ ಮಾತು. ಬಂದವರೆಲ್ಲ ಚಿತ್ರ ತೆಗೆದುಕೊಂಡು ಹೋಗುವವರೇ. ಒಬ್ಬ ಮಾತ್ರ ಕ್ಯಾಮರಾವನ್ನು ಚೀಲದೊಳಗಿಟ್ಟು ತನ್ನ ಅಂಗೈಯನ್ನು ಚಾಚಿದನಂತೆ. "ನಮ್ಮ ಕೈಯಂಗ ಇತ್ರಿ, ಹೆಬ್ಬಟ್ಟಿನ ಬುಡದಾಗ ಗಾಯದ ಕಲಿ." ಆತ ತನ್ನೂರಿನಲ್ಲಿ ಬುಟ್ಟಿ ಹೆಣೆಯುವವನು. ಮೂರು ದಿನ ಇವರ ಪಕ್ಕದಲ್ಲೇ ಕುಳಿತ. "ಒಂದು ದಬ್ಬಿ ಸೀಳಾಕ ನಾಕು ಗಳ ಕೆಡಿಸಿದ್ರಿ!" ಮೂರನೆಯ ದಿನ, ಸಡಿಲವಾಗುತ್ತಿದ್ದ ಅಂಚನ್ನು ತಾನೇ ಬಿಚ್ಚಿ ತನ್ನ ರೀತಿಯಲ್ಲಿ ಕಟ್ಟಿ ತೋರಿಸಿದ. ಇಬ್ಬರಿಗೂ ಗೊತ್ತಿದ್ದ ಭಾಷೆ ಒಂದೂ ಇರಲಿಲ್ಲ. ತರಗತಿಯಲ್ಲಿ ಭಾಷಾಶಾಸ್ತ್ರ ಬೋಧಿಸಿ ಸಂಬಳ ಪಡೆಯುವ ನನಗೆ ಇದರಿಂದ ತುಸು ಮುಖಭಂಗವಾದದ್ದು ನಿಜ.

ಈ ಹೊಳೆಯ ಹರಿಗೋಲನ್ನು ಕಂಡು ಬೆರಗಾದ ಪರದೇಶಿ ಇವನೇ ಮೊದಲಿಗನಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆಗೆ ಜನರು ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ದಾಟುವುದನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಯುವಷ್ಟು ಅಗಲ. ಹುಟ್ಟು ಹಾಕಿದಂತೆಲ್ಲ ಗಿರಗಿರನೆ ತಿರುಗುತ್ತ ಸಾಗುತ್ತಿದ್ದವಂತೆ. ಮದ್ರಾಸಿನ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ದೇಶದೇಶಗಳ ದೋಣಿಗಳನ್ನು ಅರಸಿ ತಿರುಗಿದವರು. ನಮ್ಮ ಹರಿಗೋಲು, ಟೈಗ್ರಿಸ್ ನದಿಯ ಗುಫ್ಫ, ವೇಲ್ಸ್ ಸೀಮೆಯ ತೈವಿ ನದಿಯ ಕೊರಕಲ್, ಇವೆಲ್ಲ ಒಂದೇ ಬಳಗದವು. ಆದರೆ ಆ ನೆಂಟಸ್ತಿಕೆ ಗ್ರಂಥದಲ್ಲಿಯೇ ಉಳಿಯಿತು. ನೆಂಟರು ಪರಸ್ಪರ ಮುಖ ನೋಡಲಿಲ್ಲ.

ನಮ್ಮ ವಿದ್ವಾಂಸರು ವಿದೇಶಕ್ಕೆ ಹೋಗಿ ಪ್ರಬಂಧ ಓದಿ ಬರುತ್ತಾರೆ. ಕುಶಲಕರ್ಮಿಗಳೂ ಹೋಗದೆ ಇಲ್ಲ. 1982ರಲ್ಲಿ ಬ್ರಿಟನ್ನಿನಲ್ಲಿ, 1985ರಲ್ಲಿ ಅಮೆರಿಕದಲ್ಲಿ ನಡೆದ ಭಾರತೋತ್ಸವಗಳಿಗೆ ಹೋಗಿದ್ದರು. ಹೋದದ್ದು ನೋಡುವುದಕ್ಕಲ್ಲ, ನೋಡಿಸಿಕೊಳ್ಳುವುದಕ್ಕೆ. ಪರನಾಡಿನ ಇನ್ನೊಬ್ಬ ಹೆಣೆಯುವವನ ಅಂಗಳದಲ್ಲಿ ಕುಳಿತು ಅವನ ಬಿದಿರನ್ನೋ ಬೆತ್ತವನ್ನೋ ಕೆಡಿಸುವ ಭಾಗ್ಯ ನಮ್ಮವರಲ್ಲಿ ಎಷ್ಟು ಜನರಿಗೆ ಒದಗಿದೆ?

ಇತ್ತ ಬರುವವರೂ ಕಡಮೆಯಾದರು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ಗಡ್ಡೆಯ ವಸತಿಗೃಹಗಳನ್ನು ಕೆಡವಲಾಯಿತು. ಹಂಪೆಯ ಪರಂಪರೆಯ ರಕ್ಷಣೆಗೆ ಅದು ಬೇಕಿತ್ತೆಂಬ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ಬೆಳಗ್ಗೆ ಬಂದು ಸಂಜೆ ಹೋಗುವವರು ಮೂರು ದಿನ ಬಿದಿರು ಸೀಳುತ್ತ ಕೂರುವುದುಂಟೆ?

ಮೊಬೈಲಿನಲ್ಲಿದ್ದ ವೇಲ್ಸಿನ ದೋಣಿಯ ಚಿತ್ರವನ್ನು ಯಜಮಾನರಿಗೆ ತೋರಿಸಿದೆ. ಮೀನುಗಾರನೊಬ್ಬ ಅದನ್ನು ಆಮೆಯ ಚಿಪ್ಪಿನಂತೆ ಬೆನ್ನ ಮೇಲೆ ಹೊತ್ತು ನಡೆದಿದ್ದ.

"ಇದರಾಗ ಮಂದಿ ಎಲ್ಲಿ ಕೂಡ್ತಾರ್ರಿ?"

ಒಬ್ಬನೇ ಕೂರುವುದು, ಎರಡು ದೋಣಿಗಳ ನಡುವೆ ಬಲೆ ಹಿಡಿದು ಮೀನು ಹಿಡಿಯುತ್ತಾರೆ ಎಂದೆ. ಯಜಮಾನರು ಚಿತ್ರವನ್ನು ಕಣ್ಣಿನ ಹತ್ತಿರ ತಂದುಕೊಂಡರು.

"ಬೆನ್ನ ಮ್ಯಾಲೆ ಹೊರಾಕ ಬರ್ತದಂದ್ರ, ದಬ್ಬಿ ಎಷ್ಟು ತೆಳ್ಳಗ ಸೀಳ್ತಾರ ನೋಡ್ಬೇಕಲ್ರಿ ಸರ."

ಅದು ಚಿತ್ರದಲ್ಲಿ ಕಾಣುತ್ತಿರಲಿಲ್ಲ.