"ರ‍್ಯಾಮ್ ಮಿಕ್ಸ್ ಮಾಡ್ಲೇಬಾರ್ದು" ಅನ್ನೋರಿಗೆ ನೇರವಾಗಿ

(1/3)
ಮೊನ್ನೆ ಕ್ಲಾಸ್ ಗ್ರೂಪಲ್ಲಿ ಒಬ್ಬಳು ಕೇಳಿದ್ಲು: "ನನ್ನ ಡೆಸ್ಕ್‌ಟಾಪಲ್ಲಿ 8 ಜಿಬಿ ಡಿಡಿಆರ್4 2666 ಇದೆ. ಅಣ್ಣನ ಹಳೇ ಪಿಸಿಯಿಂದ 8 ಜಿಬಿ 3200 ಸಿಕ್ಕಿದೆ. ಹಾಕ್ಬಹುದಾ?"

ಎರಡೇ ನಿಮಿಷಕ್ಕೆ ಪಂಡಿತರೆಲ್ಲ ಹಾಜರ್. "ಬೋರ್ಡ್ ಸುಟ್ಟೋಗತ್ತೆ." "ಎರಡೂ ತೆಗೆದು ಹೊಸ ಕಿಟ್ ತಗೋ." ಒಬ್ರಾದ್ರೂ ಅವಳ ಬೋರ್ಡ್ ಯಾವುದು ಅಂತ ಕೇಳಿದ್ರಾ? ಹೊಸ ಕಿಟ್‌ಗೆ ದುಡ್ಡು ಯಾರು ಕೊಡ್ತಾರೆ ಅಂತ?

2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಹೇಗೆ ಏರ್ತು ಅಂತ ನಿಮಗೂ ಗೊತ್ತು. ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಎಷ್ಟಿತ್ತು ಅಂದ್ರೆ, ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ನಮ್ಮಂಥ ಗ್ರಾಹಕರಿಗೆ ಮಾರ್ತಿದ್ದ ಕ್ರೂಷಿಯಲ್ ವ್ಯವಹಾರವನ್ನೇ ಮುಚ್ಚೋದಾಗಿ ಹೇಳ್ತು. ಇಂಥ ಟೈಮಲ್ಲಿ ಚೆನ್ನಾಗಿರೋ ಸ್ಟಿಕ್ ಬಿಸಾಕು ಅನ್ನೋದು ಸಲಹೆ ಅಲ್ಲ, ಬೇರೆಯವರ ಜೇಬಲ್ಲಿ ದೊಡ್ಡಸ್ತಿಕೆ.

(2/3)
ಈಗ ಸತ್ಯ ಏನು ಅಂತ ನೋಡಿ.

ಪ್ರತಿ ಸ್ಟಿಕ್ ಮೇಲೂ ಎಸ್‌ಪಿಡಿ ಅನ್ನೋ ಪುಟ್ಟ ಚಿಪ್ ಇರತ್ತೆ. ತನ್ನ ವೇಗ, ಟೈಮಿಂಗ್ ಎಲ್ಲ ಅದರಲ್ಲಿ ಬರ್ಕೊಂಡಿರತ್ತೆ. ಆನ್ ಮಾಡಿದಾಗ ಬಯಾಸ್ ಎರಡನ್ನೂ ಓದಿ, ಇಬ್ಬರಿಗೂ ಆಗೋ ವೇಗ ಆರಿಸತ್ತೆ. 2666 ಜೊತೆ 3200 ಹಾಕಿದ್ರೆ ಎರಡೂ 2666ರಲ್ಲಿ ಓಡ್ತವೆ. ಬೋರ್ಡ್ ಸುಡಲ್ಲ.

"ಹಾಗಾದ್ರೆ ಸ್ಪೀಡ್ ಹೋಯ್ತಲ್ಲ?" ಲೆಕ್ಕ ಹಾಕಿ. 3200ರ ಒಂದೇ ಸ್ಟಿಕ್ ಕೊಡೋದು ಹೆಚ್ಚಂದ್ರೆ ಸೆಕೆಂಡಿಗೆ 25.6 ಜಿಬಿ. 2666ರಲ್ಲಿ ಎರಡು ಸ್ಟಿಕ್, ಡ್ಯುಯಲ್ ಚಾನೆಲ್ ಆದ್ರೆ ಸುಮಾರು 42 ಜಿಬಿ. ಜೊತೆಗೆ 8 ಇದ್ದದ್ದು 16 ಆಯ್ತು. ಇದ್ರಲ್ಲಿ ನಷ್ಟ ಎಲ್ಲಿದೆ?

4+8 ಹಾಕಿದ್ರೂ ಎಷ್ಟೋ ಬೋರ್ಡ್‌ಗಳಲ್ಲಿ 4+4 ಡ್ಯುಯಲ್ ಆಗಿ, ಉಳಿದ 4 ಸಿಂಗಲ್ ಆಗಿ ಓಡತ್ತೆ.

(3/3)
ಆದ್ರೆ "ಏನ್ ಹಾಕಿದ್ರೂ ನಡೆಯತ್ತೆ ಗುರೂ" ಅನ್ನೋ ಗ್ಯಾಂಗ್‌ಗೂ ನಾನು ಸೇರಿಲ್ಲ. ಯಾಕಂದ್ರೆ ಪೆಟ್ಟು ತಿಂದಿದೀನಿ.

ಕಳೆದ ಸೆಮಿಸ್ಟರ್ ನಾನೂ ಎರಡು ಬೇರೆ ಸ್ಟಿಕ್ ಹಾಕ್ದೆ, ಎಕ್ಸ್‌ಎಂಪಿ ಆನ್ ಮಾಡ್ದೆ, ಪಿಸಿ ಬೂಟ್ ಆಯ್ತು, ಖುಷಿಯಾದೆ. ಮೂರು ವಾರ ಆದ್ಮೇಲೆ ಪ್ರಾಜೆಕ್ಟ್ ಜಿಪ್ ಫೈಲ್ ತೆರೀಲೇ ಇಲ್ಲ. ಆಮೇಲೆ ಮೆಮ್‌ಟೆಸ್ಟ್ ಓಡಿಸಿದ್ರೆ ಪರದೆ ತುಂಬ ಕೆಂಪು. ಎಕ್ಸ್‌ಎಂಪಿ ಅಂದ್ರೆ ಓವರ್‌ಕ್ಲಾಕ್. ಆ ಸೆಟ್ಟಿಂಗ್ ಆ ಕಿಟ್‌ಗೆ ಮಾತ್ರ ಪರೀಕ್ಷೆ ಆಗಿರತ್ತೆ, ಪಕ್ಕದ ಸ್ಟಿಕ್‌ಗಲ್ಲ. ಆಫ್ ಮಾಡಿದ್ಮೇಲೆ ಅದೇ ಎರಡು ಸ್ಟಿಕ್ ಒಂದೂ ಎರರ್ ಇಲ್ಲದೆ ಪಾಸಾದ್ವು. ನನ್ನ ತಪ್ಪು ಮಿಕ್ಸ್ ಮಾಡಿದ್ದಲ್ಲ ಕಣ್ರೋ, ಟೆಸ್ಟ್ ಮಾಡ್ದೇ ಬಿಟ್ಟಿದ್ದು.

ಅದಕ್ಕೇ ಇಷ್ಟು ಮಾಡಿ:

👉 ಡಿಡಿಆರ್3, 4, 5 ಒಂದಕ್ಕೊಂದು ಸೇರಲ್ಲ. ಕೆಳಗಿನ ಕಚ್ಚು ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸೋಕೆ ಹೋಗ್ಬೇಡಿ.
👉 ಅಗ್ಗಕ್ಕೆ ಸಿಗೋ ಸರ್ವರ್ ರ‍್ಯಾಮ್ ಬೇಡ. ರಿಜಿಸ್ಟರ್ಡ್ ಸ್ಟಿಕ್ ಮಾಮೂಲಿ ಡೆಸ್ಕ್‌ಟಾಪಲ್ಲಿ ಓಡಲ್ಲ.
👉 ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ ಲೋಹ ಮುಟ್ಟಿ, ಆಮೇಲೆ ಸ್ಟಿಕ್ ಮುಟ್ಟಿ. ನಾಲ್ಕು ಸ್ಲಾಟ್ ಇದ್ರೆ ಎರಡು ಸ್ಟಿಕ್ ಸಾಮಾನ್ಯವಾಗಿ ಸಿಪಿಯುನಿಂದ 2 ಮತ್ತು 4ನೇದಕ್ಕೆ. ಮ್ಯಾನುಯಲ್ ನೋಡ್ಕೊಳ್ಳಿ.
👉 ಎಕ್ಸ್‌ಎಂಪಿ ಆಫ್. ರಾತ್ರಿಯಿಡೀ ಮೆಮ್‌ಟೆಸ್ಟ್. ಒಂದೇ ಒಂದು ಎರರ್ ಬಂದ್ರೂ ಆ ಜೋಡಿ ಬೇಡ.
👉 ಸಿಪಿಯು-ಝಡ್‌ನಲ್ಲಿ 1333 ಅಂತ ತೋರಿಸಿದ್ರೆ ಗಾಬರಿ ಬೇಡ. ಅದರ ಎರಡರಷ್ಟೇ ನಿಮ್ಮ 2666.

ಹೊಸದಾಗಿ ಪಿಸಿ ಕಟ್ತಿದೀರಾ, ದುಡ್ಡಿದೆಯಾ? ಕಿಟ್ಟೇ ತಗೊಳ್ಳಿ, ತಲೆನೋವು ಕಮ್ಮಿ. ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ತುಂಬೋದಾದ್ರೆ ಎರಡು ಸಲ ಯೋಚಿಸಿ, ವೇಗ ಚೆನ್ನಾಗೇ ಇಳಿಯತ್ತೆ. ಆದ್ರೆ ಮನೇಲಿ ಇರೋದ್ರಲ್ಲೇ ಕೆಲಸ ಸಾಗಿಸ್ತಿರೋರನ್ನ ಹೆದರಿಸ್ಬೇಡಿ.

ಅವಳು ಹಾಕಿದ್ಲು, ರಾತ್ರಿಯಿಡೀ ಟೆಸ್ಟ್ ಮಾಡಿದ್ಲು, ಪಾಸ್. ಖರ್ಚು ಸೊನ್ನೆ. ಗ್ರೂಪಿನ ಪಂಡಿತರೇ, ಈಗ ಏನಂತೀರಾ? ಕಾಮೆಂಟಲ್ಲಿ ಬನ್ನಿ. ನಿಮ್ಮ ಬೋರ್ಡ್ ಹೆಸರು ಮೊದಲು ಬರೀರಿ, ಆಮೇಲೆ ಜಗಳ ಆಡೋಣ.

#ರ‍್ಯಾಮ್ #ಪಿಸಿಕನ್ನಡ #ಬಿಸಾಕ್ಬೇಡಿ