ಮುಂದಿನ ಚಿಪ್ ಬರುವತನಕ ಕಾಯಬೇಕೇ?

ಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ, ಎಂಜಿನಿಯರಿಂಗ್ ಸೇರುವ ಮಕ್ಕಳಿರುವ ಮನೆಗಳಲ್ಲಿ ಲ್ಯಾಪ್‌ಟಾಪ್ ಮಾತು ಶುರುವಾಗುತ್ತದೆ. ಅಪ್ಪ ಬಜೆಟ್ ಹೇಳುತ್ತಾನೆ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಸೋದರಮಾವ ಫೋನಿನಲ್ಲೇ ತಡೆಯುತ್ತಾನೆ: ‘ಸ್ವಲ್ಪ ತಡ್ಕೊಳ್ಳಿ ಭಾವ, ಹೊಸ ಪ್ರೊಸೆಸರ್ ಬರ್ತಾ ಇದೆ.’ ಮಾತೇನೂ ಸುಳ್ಳಲ್ಲ. ಹೊಸ ಪ್ರೊಸೆಸರ್ ಯಾವಾಗಲೂ ಬರುತ್ತಲೇ ಇರುತ್ತದೆ. ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳ, ಮಳೆಗಾಲ ಹಿಡಿಯುವ ಹೊತ್ತಿಗೆ ತೈಪೆಯ ಕಂಪ್ಯೂಟೆಕ್ಸ್, ನಡುನಡುವೆ ಕಂಪನಿಗಳ ಸ್ವಂತ ಸಮಾರಂಭಗಳು. ಕಾಯುವ ಮನಸ್ಸಿದ್ದವರಿಗೆ ನೆಪಕ್ಕೇನು ಬರ?

ಇಂಟೆಲ್‌ನ 10 ನ್ಯಾನೋಮೀಟರ್ ಚಿಪ್‌ಗೆ ಕಾದವರಿಗೆ ಏನು ಸಿಕ್ಕಿತು ಎಂಬುದನ್ನು ನೋಡಬೇಕು. 2016ರ ಆಸುಪಾಸಿಗೆ ಬರಬೇಕಿದ್ದ ಆ ತಂತ್ರಜ್ಞಾನ ಮುಂದಕ್ಕೆ ಹೋಗುತ್ತಲೇ ಇತ್ತು. ಲ್ಯಾಪ್‌ಟಾಪ್‌ಗಳಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು 2019ರಲ್ಲಿ, ಐಸ್ ಲೇಕ್ ಎಂಬ ಹೆಸರಿನಿಂದ. ಇತ್ತ 2017ರಲ್ಲೇ, ಹಳೆಯ 14 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ತಯಾರಾದ ಎಂಟನೇ ತಲೆಮಾರಿನ ಚಿಪ್‌ಗಳು ಹೆಚ್ಚು ಸದ್ದುಗದ್ದಲವಿಲ್ಲದೆ ಬಂದವು. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದುವರೆಗೆ ಎರಡೇ ಇದ್ದ ಕೋರ್‌ಗಳು ನಾಲ್ಕಾದವು. ಎಎಂಡಿಯ ರೈಜೆನ್ ಬಂದು ಪೈಪೋಟಿ ಬಿಸಿಯೇರಿದ ವರ್ಷವೂ ಅದೇ. ಎಲ್ಲರೂ ಮುಂಬಾಗಿಲಲ್ಲಿ ನಿಂತು ಎದುರು ನೋಡುತ್ತಿದ್ದ ನೆಂಟ ಬರಲಿಲ್ಲ, ಹಿತ್ತಿಲ ಬಾಗಿಲಿಂದ ಬೇರೊಬ್ಬ ಬಂದು ಕೂತಿದ್ದ.

ಆ ಎಂಟನೇ ತಲೆಮಾರಿನ ನಿಜವಾದ ಬೆಲೆ ಗೊತ್ತಾದದ್ದು ನಾಲ್ಕು ವರ್ಷಗಳ ನಂತರ. 2021ರಲ್ಲಿ ವಿಂಡೋಸ್ 11 ಪ್ರಕಟಿಸಿದ ಮೈಕ್ರೋಸಾಫ್ಟ್, ಇಂಟೆಲ್ ಚಿಪ್‌ಗಳ ಪೈಕಿ ಒಂದೆರಡು ಅಪವಾದಗಳನ್ನು ಬಿಟ್ಟು ಎಂಟನೇ ತಲೆಮಾರಿಗಿಂತ ಹಿಂದಿನವನ್ನೆಲ್ಲ ಪಟ್ಟಿಯಿಂದ ಹೊರಗಿಟ್ಟಿತು. 2017ರ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಕೊಂಡವರು ಹೊರಗೆ ಉಳಿದರು. ಅದೇ ವರ್ಷದ ಕೊನೆಗೆ ಎಂಟನೇ ತಲೆಮಾರಿನದನ್ನು ಕೊಂಡವರು ಒಳಗೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಾಗ ಈ ಕೆಲವೇ ತಿಂಗಳ ಅಂತರ ಭಾರಿಯಾಗಿ ಕಂಡಿತು. ಆದರೆ 2017ರಲ್ಲಿ ಇದನ್ನು ಮುಂದಾಗಿ ಹೇಳಬಲ್ಲ ಪಂಚಾಂಗ ಯಾರ ಹತ್ತಿರವೂ ಇರಲಿಲ್ಲ.

ಕಾಯುವುದೇ ದಡ್ಡತನ ಎಂದು ಹೇಳಿದರೆ ಅದೂ ತಪ್ಪಾಗುತ್ತದೆ. 2020ರ ಜೂನ್ 22ರಂದು ಆಪಲ್, ಇಂಟೆಲ್ ಕೈಬಿಟ್ಟು ತನ್ನದೇ ಚಿಪ್‌ಗೆ ಹೋಗುವುದಾಗಿ ಘೋಷಿಸಿತು. ಮೊದಲ ಯಂತ್ರ ಆ ವರ್ಷದ ಕೊನೆಯೊಳಗೆ ಎಂದೂ ಹೇಳಿತು. ನವೆಂಬರ್‌ನಲ್ಲಿ ಎಂ1 ಬಂತು. ಅದರ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇರಲಿಲ್ಲ, ಆದರೂ ವೇಗ ಮತ್ತು ಬ್ಯಾಟರಿ ಎರಡರಲ್ಲೂ ಎಂಟು ತಿಂಗಳ ಹಿಂದಷ್ಟೇ ಮಾರುಕಟ್ಟೆಗೆ ಬಂದಿದ್ದ ಇಂಟೆಲ್ ಏರ್ ಅನ್ನು ಬಹಳ ಹಿಂದೆ ಹಾಕಿತು. 2025ರ ಮ್ಯಾಕ್‌ಓಎಸ್ ತಾಹೋ ಆ ಇಂಟೆಲ್ ಏರ್‌ಗೆ ಸಿಗಲಿಲ್ಲ, ಎಂ1ಗೆ ಸಿಕ್ಕಿತು. ಜೂನ್ ಘೋಷಣೆಯ ನಂತರವೂ ಅವಸರದ ಕೆಲಸವಿಲ್ಲದೆ ಇಂಟೆಲ್ ಏರ್ ಕೊಂಡವರು ಮಾತ್ರ ಕೆಟ್ಟ ವ್ಯಾಪಾರ ಮಾಡಿದರು ಎನ್ನಬಹುದು. ಚಿಪ್‌ನ ಬುಡವೇ ಬದಲಾಗುತ್ತಿದೆ, ತಯಾರಕರೇ ಬಾಯಿಬಿಟ್ಟು ಹೇಳಿದ್ದಾರೆ, ಗಡುವು ಕೆಲವೇ ತಿಂಗಳಲ್ಲಿದೆ. ಈ ಮೂರೂ ಕೂಡಿ ಬಂದರೆ ಕಾಯಬಹುದು. ಹೀಗೆ ಕೂಡಿ ಬರುವುದು ಅಪರೂಪ.

ಉಳಿದ ವರ್ಷಗಳಲ್ಲಿ ಬದಲಾಗುವುದು ಹೆಚ್ಚಾಗಿ ಸ್ಟಿಕ್ಕರು. 2023ರ ಡಿಸೆಂಬರ್‌ನಲ್ಲಿ ಇಂಟೆಲ್ ತನ್ನ ಕೋರ್ ಅಲ್ಟ್ರಾ ಚಿಪ್‌ಗಳನ್ನು ‘ಎಐ ಪಿಸಿ’ ಎಂದು ಮೆರೆಸಿತು. ಆರು ತಿಂಗಳೂ ಕಳೆದಿರಲಿಲ್ಲ, ಮೈಕ್ರೋಸಾಫ್ಟ್ ತನ್ನ ‘ಕೋಪೈಲಟ್ ಪ್ಲಸ್’ ಯಂತ್ರಗಳಲ್ಲಿ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಎಐ ಘಟಕ ಇರಲೇಬೇಕೆಂದಿತು. ಕೋರ್ ಅಲ್ಟ್ರಾದಲ್ಲಿ ಇದ್ದದ್ದು ಸುಮಾರು 11 ಲಕ್ಷ ಕೋಟಿ! ಹಾಗೆಂದು ಅದನ್ನು ಕೊಂಡವರು ದೊಡ್ಡದೇನನ್ನೋ ಕಳೆದುಕೊಂಡರೇ? ಕೋಪೈಲಟ್ ಪ್ಲಸ್‌ನ ಮುಖ್ಯ ಆಕರ್ಷಣೆ ಎಂದು ಸಾರಿದ್ದ ‘ರೀಕಾಲ್’, ಖಾಸಗಿತನದ ತಕರಾರುಗಳಿಗೆ ಸಿಕ್ಕಿ ಸಾರ್ವತ್ರಿಕವಾಗಿ ಬಿಡುಗಡೆಯಾದದ್ದು 2025ರ ಏಪ್ರಿಲ್‌ನಲ್ಲಿ. ಚಿಪ್‌ಗೆ ಕಾದವರು ಸೌಲಭ್ಯಕ್ಕೆ ಮತ್ತೆ ಕಾದರು.

ಹೆಸರುಗಳ ಗೋಜಲು ಬೇರೆ. ಎಎಂಡಿಯ ರೈಜೆನ್ 5 7520ಯು 2023ರ ಸರಣಿಯ ಸಂಖ್ಯೆ ಹೊತ್ತಿದ್ದರೂ ಒಳಗಿನ ಝೆನ್ 2 ಕೋರ್ 2019ರ ಕಾಲದ್ದು. ಅದರ ಪಕ್ಕದ 7540ಯುನಲ್ಲಿ ಝೆನ್ 4 ಇದೆ. ಗುಟ್ಟು ಮೂರನೇ ಅಂಕಿಯಲ್ಲಿದೆ. ಅಂಗಡಿಯಲ್ಲಿ ಇದನ್ನು ಬಿಡಿಸಿ ಹೇಳುವವರು ಎಷ್ಟು ಮಂದಿ? ‘ಹೊಸದು’ ಬರಲೆಂದು ಕಾದು ನಾಲ್ಕು ವರ್ಷ ಹಳೆಯ ಕೋರ್ ಮನೆಗೆ ತರುವ ಸಾಧ್ಯತೆ ಖಂಡಿತ ಇದೆ.

ಹೊಸದು ಬಂದ ಮೇಲೆ ಹಿಂದಿನ ಮಾದರಿ ಅಗ್ಗವಾಗುತ್ತದೆ, ಆಗ ಕೊಂಡರಾಯಿತು ಎಂಬ ಲೆಕ್ಕಾಚಾರ ಬಹುಕಾಲ ಸರಿಯಾಗಿಯೇ ನಡೆಯಿತು. ಆದರೆ ಬೆಲೆಯನ್ನು ಪ್ರೊಸೆಸರ್ ಒಂದೇ ನಿರ್ಧರಿಸುವುದಿಲ್ಲ. 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಬೇಕೆಂದು ದಿಢೀರನೆ ಆದೇಶಿಸಿ, ಮರುದಿನವೇ ಅದನ್ನು ಅಕ್ಟೋಬರ್ ಕೊನೆಯವರೆಗೆ ಮುಂದೂಡಿತು. 2025ರ ಕೊನೆಯಲ್ಲಿ ಪೆಟ್ಟು ಬಂದದ್ದು ಮೆಮೊರಿ ಕಡೆಯಿಂದ. ಎಐ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿದ್ದಂತೆ ರ್‍ಯಾಮ್ ಬೆಲೆ ಜಿಗಿಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್, ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹೀಗಿರುವಾಗ ತಡಮಾಡಿದವರಿಗೆ ಅದೇ ಹಣಕ್ಕೆ ಕಡಿಮೆ ಮೆಮೊರಿಯ ಯಂತ್ರ ಸಿಕ್ಕರೆ ಅಚ್ಚರಿಯಿಲ್ಲ.

ಕೋಡ್ ಬರೆಯಲಿ, ನಲವತ್ತು ಟ್ಯಾಬ್ ತೆರೆದಿಟ್ಟು ಪ್ರಾಜೆಕ್ಟ್ ರಿಪೋರ್ಟ್ ಮಾಡಲಿ, ವಿದ್ಯಾರ್ಥಿಯ ಲ್ಯಾಪ್‌ಟಾಪ್ ಮೊದಲು ಏದುಸಿರು ಬಿಡುವುದು ಮೆಮೊರಿ ಸಾಲದೆ. ಆದ್ದರಿಂದ ಒಂದು ತಲೆಮಾರು ಹಿಂದಿನ ಪ್ರೊಸೆಸರ್ ಜೊತೆ 16 ಜಿಬಿ ಸಿಗುವುದಾದರೆ, ಅದು ಹೊಚ್ಚಹೊಸ ಪ್ರೊಸೆಸರ್‌ನ 8 ಜಿಬಿಗಿಂತ ಮೇಲು. ಈಗಿರುವ ಯಂತ್ರ ನಿಧಾನವಾಗಿದ್ದು ಅದರಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದು ಎಸ್‌ಎಸ್‌ಡಿ ಹಾಕಿಸಿ ಖರೀದಿಯನ್ನು ಆರಾಮವಾಗಿ ಮುಂದಕ್ಕೆ ಹಾಕಬಹುದು. ಯಂತ್ರವೇ ಇಲ್ಲದವರು, ಕಾಲೇಜು ಶುರುವಾಗುವವರು ಈಗಲೇ ಕೊಳ್ಳಲಿ. ಬಿಲ್ ಹಾಕಿಸುವ ಮುಂಚೆ ಒಂದನ್ನು ಮಾತ್ರ ಕೇಳಿ ತಿಳಿಯಬೇಕು: ರ್‍ಯಾಮ್ ಬೋರ್ಡಿಗೆ ಬೆಸುಗೆಯಾಗಿದೆಯೋ, ಸ್ಲಾಟ್ ಇದೆಯೋ? ಇಂದಿನ ಎಷ್ಟೋ ತೆಳು ಮಾದರಿಗಳಲ್ಲಿ ಸ್ಲಾಟ್ ಇಲ್ಲ. ಇಂಟೆಲ್‌ನ ಲೂನಾರ್ ಲೇಕ್‌ನಲ್ಲಂತೂ ಮೆಮೊರಿ ಪ್ರೊಸೆಸರ್ ಪೊಟ್ಟಣದೊಳಗೇ ಕೂತಿರುತ್ತದೆ; ಮುಂದೆ ಎಸ್.ಪಿ. ರೋಡ್‌ನ ಯಾವ ಅಂಗಡಿಯವರೂ ಅದಕ್ಕೆ ಇನ್ನೊಂದು ಜಿಬಿ ಸೇರಿಸಿ ಕೊಡಲಾರರು.