ಎಕ್ಕದ ಜೋಡಿ ಹಿಡಿದು ಮೌನವ್ರತ ಯಾಕೆ ಸ್ವಾಮಿ?

ಪೋಕರ್ ಕಲಿತ ನಮ್ಮ ಕನ್ನಡದವರಲ್ಲಿ ಒಂದು ಚಟ ನೋಡ್ತಾ ಇದ್ದೇನೆ. ಕೈಗೆ ಭರ್ಜರಿ ಎಲೆ ಬಂತು ಅಂದ್ರೆ ಸಾಕು, ಮುಖ ಸಪ್ಪಗೆ ಮಾಡಿಕೊಂಡು ಮೇಜು ತಟ್ಟಿ 'ಚೆಕ್' ಅಂತಾರೆ. ಏನೂ ಇಲ್ಲದವರ ಹಾಗೆ ಕೂತು, ಎದುರಿನವನು ತಾನಾಗೇ ಬಂದು ಬಲೆಗೆ ಬೀಳಲಿ ಅಂತ ಕಾಯೋದು. ಇದಕ್ಕೆ 'ಸ್ಲೋ ಪ್ಲೇ' ಅಂತ ಹೆಸರು. ಗೆದ್ದರೆ ವಾರಗಟ್ಟಲೆ ಹೇಳಿಕೊಂಡು ತಿರುಗ್ತಾರೆ. ಸೋತರೆ "ಏನ್ ಅದೃಷ್ಟ ಸಾರ್ ಅವನದು" ಅಂತಾರೆ. ನನ್ನ ಪ್ರಕಾರ ನೋ-ಲಿಮಿಟ್ ಆಟದಲ್ಲಿ ಇದು ಬಹಳಷ್ಟು ಸಲ ಜಾಣತನವೇ ಅಲ್ಲ, ಶುದ್ಧ ದುಂದು.

ಮದ್ರಾಸಿಗೆ (ಚೆನ್ನೈ ಅನ್ನಲು ನನ್ನ ನಾಲಗೆ ಇನ್ನೂ ಒಪ್ಪಿಲ್ಲ) ಬಂದು ನೆಲೆಸಿದ ನಾವು ಐದಾರು ಜನ ಭಾನುವಾರ ಸಂಜೆ ಮಾಂಬಲದ ಒಬ್ಬರ ಮನೆಯಲ್ಲಿ ಆಡ್ತೇವೆ. ಹುಣಸೆ ಬೀಜವೇ ನಮ್ಮ ಚಿಪ್ಸು. ದುಡ್ಡು ಇಡೋಲ್ಲ. ಬ್ಯಾಂಕಿನಲ್ಲಿ ಬೇರೆಯವರ ದುಡ್ಡು ಎಣಿಸಿದ್ದೇ ಸಾಕಾಗಿದೆ. ರಮ್ಮಿ ಮಾತ್ರ ಗೊತ್ತಿರುವವರಿಗೆ ಎರಡು ಮಾತು: ಪ್ರತಿಯೊಬ್ಬರಿಗೂ ಎರಡು ಮುಚ್ಚಿದ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆ. ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್). ಪ್ರತಿ ಹಂತದಲ್ಲೂ ಬೆಟ್ ಕಟ್ಟಬಹುದು. ನೋ-ಲಿಮಿಟ್ ಅಂದ್ರೆ ಮುಂದಿರೋದನ್ನೆಲ್ಲ ಯಾವಾಗ ಬೇಕಾದರೂ ನೂಕಬಹುದು.

ಈಗ ಲೆಕ್ಕ ನೋಡಿ. ಫ್ಲಾಪ್ ಬಿದ್ದಾಗ ಪಾಟ್‌ನಲ್ಲಿ 100 ಬೀಜ. ನಿಮ್ಮ ಮುಂದೆ, ಎದುರಿನವನ ಮುಂದೆ 1300 ಬೀಜ ಇವೆ ಅಂತಿಟ್ಟುಕೊಳ್ಳಿ. ನೀವು ಪಾಟ್‌ನಷ್ಟೇ ಅಂದರೆ 100 ಕಟ್ಟಿದಿರಿ, ಅವನೂ ಹಾಕಿದ. ಪಾಟ್ 300 ಆಯ್ತು. ಟರ್ನ್‌ನಲ್ಲಿ 300 ಕಟ್ಟಿದರೆ 900. ರಿವರ್‌ನಲ್ಲಿ 900. ಒಟ್ಟು 100, 300, 900... ಸರಿಯಾಗಿ 1300, ಅವನದು ಪೂರ್ತಿ ಮೇಜಿಗೆ ಬಂತು. ಅದೇ ಫ್ಲಾಪ್‌ನಲ್ಲಿ ಇಬ್ಬರೂ ಚೆಕ್ ಅಂದಿರಿ ಅನ್ನಿ. ಉಳಿದ ಎರಡು ಸುತ್ತಲ್ಲಿ ಬರೋದು 100 ಮತ್ತು 300, ಬರೀ 400. ನೀವು ಕಳಕೊಂಡಿದ್ದು ಮೊದಲ ಸುತ್ತಿನ 100 ಅಂತ ನೀವು ಅಂದುಕೊಂಡಿದ್ದೀರಿ. ಅಲ್ಲ, ಕೊನೆಯ ಸುತ್ತಿನ 900! ಇದು ಚಕ್ರಬಡ್ಡಿ ಕಣ್ರೀ. ಮೊದಲ ವರ್ಷದ ಬಡ್ಡಿ ಚಿಲ್ಲರೆ ಅಂತ ಬಿಟ್ಟವನಿಗೆ ಹತ್ತನೇ ವರ್ಷ ಹೊಟ್ಟೆ ಉರಿಯುತ್ತೆ. ಬೆಟ್ಟಿನ ಮೊತ್ತ ಮೊದಲೇ ನಿಗದಿಯಾಗಿರುವ ಲಿಮಿಟ್ ಆಟದಲ್ಲಾದರೆ ಒಂದು ಚೆಕ್‌ಗೆ ಒಂದೇ ಬೆಟ್ ಹೋಗುತ್ತೆ, ಅಲ್ಲಿ ಈ ನಾಟಕ ಅಗ್ಗ. ಎದುರಿನವನ ಹತ್ತಿರ ಬರೀ 400 ಬೀಜ ಉಳಿದಿದ್ದರೂ ಅಷ್ಟೆ, ಎರಡೇ ಸುತ್ತು ಸಾಕು. ಮುಂದೆ ರಾಶಿ ಇದ್ದಾಗಲೇ ಚೆಕ್ ದುಬಾರಿ.

"ಬೆಟ್ ಕಟ್ಟಿದ್ರೆ ಓಡಿ ಹೋಗ್ತಾರಲ್ಲ ಸಾರ್?" ಇದು ಎಲ್ಲರೂ ಕೇಳುವ ಪ್ರಶ್ನೆ. ಓಡಿ ಹೋಗುವವನ ಕೈಯಲ್ಲಿ ಏನೂ ಇರಲಿಲ್ಲ, ಅವನು ಆಮೇಲೂ ದೊಡ್ಡದಾಗಿ ಏನೂ ಕೊಡ್ತಿರಲಿಲ್ಲ. ಒಂದು ಜೋಡಿ ಇದ್ದವನು ಬಿಡೋದಿಲ್ಲ, ಫ್ಲಶ್‌ಗೆ ಒಂದೇ ಎಲೆ ಬಾಕಿ ಇದ್ದವನಂತೂ ಪ್ರಾಣ ಹೋದರೂ ಬಿಡೋದಿಲ್ಲ. ಅದಿರಲಿ, ನಮ್ಮ ಮನೆ ಆಟಗಳಲ್ಲಿ ಎಲೆ ಬಿಸಾಡೋರು ಯಾರು ಹೇಳಿ? ಎರಡೂ ಮೂರೂ ಹಿಡಕೊಂಡು ಕೊನೇ ಎಲೆ ತನಕ ನೋಡೇ ತೀರ್ತೀನಿ ಅಂತ ಕೂತಿರ್ತಾರೆ. ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತವರಿಗೆ ಊಟದ ಆಸೆ ತೋರಿಸಬೇಕಾ? ಬಡಿಸಿ ಸ್ವಾಮಿ!

ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ನಿಮ್ಮ ಕೈಯಲ್ಲಿ ಇಸ್ಪೀಟು ರಾಜ, ಡೈಮಂಡ್ ರಾಜ. ಫ್ಲಾಪ್‌ನಲ್ಲಿ ಆಟೀನು ರಾಜ, ಆಟೀನು ಒಂಬತ್ತು, ಕಳಾವರ್ ಎಂಟು. ಮೂರು ರಾಜರು ಅಂತ ಖುಷಿಯಲ್ಲಿ ಸುಮ್ಮನಾಗ್ತೀರಿ. ಎದುರಿನವನ ಹತ್ತಿರ ಎರಡು ಆಟೀನು ಇದ್ದರೆ ಅವನಿಗೆ ಕಾಣದ 47 ಎಲೆಗಳಲ್ಲಿ 9 ಆಟೀನು ಇವೆ. ಮುಂದಿನ ಒಂದು ಎಲೆಯಲ್ಲೇ ಫ್ಲಶ್ ಆಗುವ ಸಾಧ್ಯತೆ ಶೇಕಡ 19, ಎರಡೂ ಎಲೆ ನೋಡಿದರೆ ಶೇಕಡ 35ರ ಹತ್ತಿರ. ಆ ಎಲೆಯನ್ನು ನೀವು ಪುಕ್ಕಟೆಯಾಗಿ ತೋರಿಸ್ತಾ ಇದ್ದೀರಿ. ಅಡಮಾನ ಇಲ್ಲ, ಬಡ್ಡಿ ಇಲ್ಲ, ಜಾಮೀನೂ ಇಲ್ಲ. ಇಂಥ ಸಾಲ ಮಂಜೂರು ಮಾಡಿದರೆ ನಮ್ಮ ಆಡಿಟ್‌ನವರು ಬಿಡ್ತಾರಾ?

ಎಕ್ಕದ ಜೋಡಿಯ ಕಥೆ ಇನ್ನೂ ವಿಚಿತ್ರ. ಏನೋ ಒಂದು ಹಿಡಿದ ಒಬ್ಬನ ಎದುರು ಎರಡು ಎಕ್ಕ ಕೊನೆಯವರೆಗೂ ಆಡಿದರೆ ಗೆಲ್ಲೋದು ಶೇಕಡ 85. ಸುಮ್ಮನಿದ್ದು ಐದು ಜನರನ್ನು ಒಳಗೆ ಬಿಟ್ಟುಕೊಂಡರೆ ಅದು ಶೇಕಡ 49ಕ್ಕೆ ಇಳಿಯುತ್ತೆ. ಇಡೀ ಕಟ್ಟಿನಲ್ಲಿ ಅದಕ್ಕಿಂತ ದೊಡ್ಡ ಜೋಡಿ ಇಲ್ಲ, ಅದನ್ನು ಹಿಡಿದೂ ಗೆಲ್ಲುವುದಕ್ಕಿಂತ ಸೋಲುವುದೇ ಜಾಸ್ತಿ!

ಈ ಚಟದ ಮೂಲ ಸಿನಿಮಾ ಅಂತ ನನ್ನ ಗುಮಾನಿ. 1998ರ 'ರೌಂಡರ್ಸ್' ಚಿತ್ರದಲ್ಲಿ ತೋರಿಸೋದು 1988ರ ವಿಶ್ವ ಸರಣಿಯ ಕೊನೆಯ ಕೈ. ಜಾನಿ ಚಾನ್ ಚೆಕ್ ಅಂತಾನೆ, ಎರಿಕ್ ಸೈಡೆಲ್ ಇರೋದೆಲ್ಲ ನೂಕ್ತಾನೆ, ಚಾನ್ ಎಲೆ ಬಿಚ್ಚಿ ತೋರಿಸ್ತಾನೆ. ಸತತ ಎರಡನೇ ವರ್ಷದ ಕಿರೀಟ. ನೋಡಿದವರಿಗೆಲ್ಲ ಚಾನ್ ಆಗುವ ಆಸೆ. ಆದರೆ ಅಲ್ಲಿದ್ದ ಎಲೆಗಳನ್ನು ಯಾರೂ ನೋಡೋದಿಲ್ಲ. ಫ್ಲಾಪ್‌ನಲ್ಲಿ ರಾಣಿ, ಹತ್ತು, ಎಂಟು, ಮೂರೂ ಬೇರೆ ಬೇರೆ ಬಣ್ಣ. ಚಾನ್ ಕೈಯಲ್ಲಿ ಗುಲಾಮ, ಒಂಬತ್ತು, ಅಂದರೆ ಎಂಟರಿಂದ ರಾಣಿಯವರೆಗೆ ಪೂರ್ತಿ ಸ್ಟ್ರೇಟ್. ಸೈಡೆಲ್ ಹತ್ತಿರ ರಾಣಿ, ಏಳು. ಅವನು ಗೆಲ್ಲಬೇಕಾದರೆ ಮುಂದಿನ ಎರಡು ಎಲೆಗಳೂ ಲೆಕ್ಕ ಹಾಕಿದ ಹಾಗೆ ಅವನಿಗೇ ಬೀಳಬೇಕಿತ್ತು. ಮೇಜಿನಲ್ಲಿದ್ದವರು ಇಬ್ಬರೇ, ಎದುರಿನವನಿಗೆ ರಾಣಿಯ ಜೋಡಿ ಸಿಕ್ಕಿ ತಾನೇ ಮುಂದಿದ್ದೇನೆ ಅನ್ನೋ ಭ್ರಮೆ. ಅಲ್ಲಿ ಕಾದದ್ದು ಸರಿ. ನಮ್ಮ ಮೇಜಿನಲ್ಲಿ ಆರು ಜನ, ನೆಲದ ಮೇಲೆ ಎರಡು ಆಟೀನು, ಇವರು ಚಾನ್!

ಕಾಯಬಾರದು ಅಂತಲ್ಲ. ಇಬ್ಬರೇ ಇರುವಾಗ ಫ್ಲಾಪ್‌ನಲ್ಲಿ ಎರಡು ಎಕ್ಕ ಬಿದ್ದು ಉಳಿದೆರಡೂ ನಿಮ್ಮ ಕೈಯಲ್ಲೇ ಇದ್ದರೆ ಚೆಕ್ ಅನ್ನಿ. ಅವನಿಗೆ ಹಾಕೋಕೆ ಏನೂ ಉಳಿದಿಲ್ಲ, ಇನ್ನೊಂದು ಎಲೆ ನೋಡಿ ಏನಾದರೂ ಜೋಡಿ ಮಾಡಿಕೊಳ್ಳಲಿ. ಡೇವಿಡ್ ಸ್ಕ್ಲಾನ್ಸ್ಕಿ 'ದಿ ಥಿಯರಿ ಆಫ್ ಪೋಕರ್'ನಲ್ಲಿ ಈ ತಂತ್ರ ಹೇಳುವಾಗ ಕರಾರುಗಳನ್ನೂ ಹಾಕಿದ್ದಾರೆ. ಪುಕ್ಕಟೆ ಎಲೆ ಎದುರಿನವನನ್ನು ಎರಡನೇ ಸ್ಥಾನಕ್ಕೆ ತರಬೇಕು, ಮೊದಲನೆಯದಕ್ಕಲ್ಲ, ಪಾಟ್ ಇನ್ನೂ ದೊಡ್ಡದಾಗಿರಬಾರದು, ಇತ್ಯಾದಿ. ನಮ್ಮವರು ಕರಾರು ಓದದೆ ಸಹಿ ಹಾಕೋ ಜಾತಿ.

ಇದನ್ನೆಲ್ಲ ಇಷ್ಟು ಜೋರಾಗಿ ಹೇಳೋಕೆ ಕಾರಣ ಇದೆ. ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಲೈಸೆನ್ಸ್ ಬೇಕಿಲ್ಲ ಅಂತ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ರಮ್ಮಿ, ಪೋಕರ್ ಬರೀ ಅದೃಷ್ಟದ ಆಟವಲ್ಲ ಅಂತ ಮದ್ರಾಸ್ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಹೇಳಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಅಂತ ಕೇಳದೆ ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಫೋನಿನಲ್ಲಿ ಸಂಬಳ ಕರಗಿಸಿಕೊಂಡ ಹುಡುಗರ ಸ್ಟೇಟ್‌ಮೆಂಟುಗಳನ್ನು ಕೌಂಟರಿನ ಈಚೆಯಿಂದ ನೋಡಿದವನು ನಾನು, ಆ ಕಾಯ್ದೆಗೆ ನನ್ನ ತಕರಾರಿಲ್ಲ. ಆದರೆ ಕೌಶಲ ಅಂತ ವಾದ ಮಾಡಿದವರು ಅದನ್ನು ಎಲ್ಲಿ ತೋರಿಸ್ತಾರೆ ಅಂತ ಕೇಳಬೇಡವೇ? ಸಪ್ಪೆ ಮುಖ ಮಾಡೋದು ಕೌಶಲ ಅಲ್ಲ.

ಯಾವಾಗಲೂ ಒಳ್ಳೆ ಎಲೆಗೇ ಕಟ್ಟಿದರೆ ಎಲ್ಲರಿಗೂ ಗೊತ್ತಾಗುತ್ತೆ ಅಂತ ನಮ್ಮ ಗುಂಪಿನ ನಿವೃತ್ತ ಮೇಷ್ಟ್ರು ವಾದಿಸ್ತಾರೆ. ಅದಕ್ಕೆ ಮದ್ದು ಚೆಕ್ ಅಲ್ಲ ಮೇಷ್ಟ್ರೇ, ಫ್ಲಶ್‌ಗೆ ಕಾಯ್ತಿರುವ ಅರೆಬರೆ ಕೈಗೂ ಅಷ್ಟೇ ಕಟ್ಟೋದು. ಆಗ ಯಾವುದು ಯಾವುದು ಅಂತ ಯಾರಿಗೆ ಗೊತ್ತಾಗುತ್ತೆ? ಹಾಂ, ನೀವೊಬ್ಬರು ಮಾತ್ರ ಇದಕ್ಕೆ ಅಪವಾದ. ಯಾರು ಚೆಕ್ ಅಂದರೂ ತಡೆಯಲಾರದೆ ಮುಷ್ಟಿಗಟ್ಟಲೆ ಬೀಜ ಸುರೀತೀರಲ್ಲ, ನಿಮ್ಮೆದುರು ನಾನೂ ಸುಮ್ಮನೇ ಕೂರ್ತೇನೆ :-)